ಕಾವಲು ಅರ್ಧಕ್ಕಿಳಿದ ರಕ್ತ

ಒಂದು ಚಮಚ ಹೆಪ್ಪು ಬಿದ್ದರೆ ಸಾಕು, ಬೆಳಗಾಗುವಷ್ಟರಲ್ಲಿ ಪಾತ್ರೆಯ ಹಾಲೆಲ್ಲ ಮೊಸರಾಗಿರುತ್ತದೆ. ಬೆರಳು ಕೊಯ್ದುಕೊಂಡಾಗ ರಕ್ತವೂ ಹೆಪ್ಪುಗಟ್ಟುತ್ತದೆ, ಆದರೆ ಗಾಯದ ಬಾಯಲ್ಲಿ ಮಾತ್ರ. ಅಲ್ಲಿಂದ ಒಂದಂಗುಲ ಆಚೆಗೆ ಅದೇ ರಕ್ತ ಎಂದಿನಂತೆ ಹರಿಯುತ್ತಿರುತ್ತದೆ. ಹೆಪ್ಪುಗಟ್ಟಿಸುವ ಥ್ರಾಂಬಿನ್ ಎಂಬ ಕಿಣ್ವವು ಗಾಯದ ಜಾಗ ದಾಟಿ ಹೋಗದಂತೆ ಕೆಲವು ಪ್ರೋಟೀನುಗಳು ಸದಾ ಕಾವಲಿರುತ್ತವೆ. ಅವುಗಳಲ್ಲಿ ಬಹಳ ಮುಖ್ಯವಾದದ್ದು ಯಕೃತ್ತಿನಲ್ಲಿ ತಯಾರಾಗುವ ಆಂಟಿಥ್ರಾಂಬಿನ್.

1965ರಲ್ಲಿ ನಾರ್ವೆಯ ವೈದ್ಯ ಓಲಾವ್ ಎಗೆಬರ್ಗ್ ಒಂದು ಕುಟುಂಬದ ವಿವರಗಳನ್ನು ಪ್ರಕಟಿಸಿದರು. ಆ ಮನೆತನದ ಹಲವರಿಗೆ ಅಭಿಧಮನಿಗಳಲ್ಲಿ ರಕ್ತ ಹೆಪ್ಪುಗಟ್ಟುತ್ತಿತ್ತು, ಮತ್ತು ಅವರ ರಕ್ತದಲ್ಲಿ ಆಂಟಿಥ್ರಾಂಬಿನ್ ಸಾಮಾನ್ಯ ಮಟ್ಟದ ಅರ್ಧದಷ್ಟೇ ಇತ್ತು. ಇಂಥ ಕಾಯಿಲೆ ವಂಶದಲ್ಲಿ ಇಳಿದುಬರಲು ಒಂದು ನಿರ್ದಿಷ್ಟ ಪ್ರೋಟೀನಿನ ಕೊರತೆ ಕಾರಣವೆಂದು ತೋರಿಸಿದ ಮೊದಲ ವರದಿ ಅದು. ಪ್ರೋಟೀನ್ ಸಿ, ಪ್ರೋಟೀನ್ ಎಸ್ ಎಂಬ ಇನ್ನೆರಡು ಕಾವಲುಗಾರರ ಕೊರತೆ ಬೆಳಕಿಗೆ ಬಂದದ್ದು 1980ರ ದಶಕದಲ್ಲಿ.

ಆಂಟಿಥ್ರಾಂಬಿನ್ ಕೆಲಸ ಮಾಡುವ ರೀತಿ ಇಲಿಬೋನನ್ನು ನೆನಪಿಸುತ್ತದೆ. 432 ಅಮೈನೋ ಆಮ್ಲಗಳ ಈ ಪ್ರೋಟೀನಿನಿಂದ ಒಂದು ಕುಣಿಕೆ ಹೊರಚಾಚಿಕೊಂಡಿರುತ್ತದೆ. ಅದನ್ನು ತನ್ನ ಆಹಾರವೆಂದೇ ಭಾವಿಸಿದಂತೆ ಥ್ರಾಂಬಿನ್ ಬಂದು ಕತ್ತರಿಸತೊಡಗುತ್ತದೆ. ಕತ್ತರಿಸಿದ ಕ್ಷಣದಲ್ಲೇ ಕುಣಿಕೆಯು ಅಂಟಿಕೊಂಡ ಥ್ರಾಂಬಿನ್ ಸಮೇತ ಚಿಮ್ಮಿ ಪ್ರೋಟೀನಿನ ಒಡಲೊಳಗೆ ಮಡಚಿಕೊಳ್ಳುತ್ತದೆ. ಎಳೆತಕ್ಕೆ ಆಕಾರ ಕೆಟ್ಟ ಥ್ರಾಂಬಿನ್ ಮತ್ತೆ ಕೆಲಸಕ್ಕೆ ಬಾರದು, ಬೋನೂ ಬಾರದು. ಹೆಪ್ಪುಗಟ್ಟುವುದನ್ನು ತಡೆಯುವ ಹೆಪಾರಿನ್ ಎಂಬ ಔಷಧ ಜೊತೆಗೂಡಿದರೆ ಈ ಕ್ರಿಯೆಯ ವೇಗ ಸುಮಾರು ಸಾವಿರ ಪಟ್ಟು ಹೆಚ್ಚುತ್ತದೆ. ಒಂದು ಥ್ರಾಂಬಿನ್‌ಗೆ ಒಂದು ಆಂಟಿಥ್ರಾಂಬಿನ್ ಎಂಬ ಲೆಕ್ಕ ಇರುವುದರಿಂದಲೇ ದಾಸ್ತಾನು ಅರ್ಧಕ್ಕಿಳಿದರೆ ಅಪಾಯ ಬರುತ್ತದೆ.

ತಾಯಿ ಅಥವಾ ತಂದೆಯಿಂದ ಬಂದ ಒಂದೇ ಒಂದು ದೋಷಯುಕ್ತ ಜೀನ್ ಇದಕ್ಕೆ ಸಾಕು. ಪ್ರತಿ ಮಗುವಿಗೂ ಅದು ದಾಟುವ ಸಾಧ್ಯತೆ ಅರ್ಧಕ್ಕರ್ಧ. ಕೆಲವರಲ್ಲಿ ಪ್ರೋಟೀನೇ ಕಡಿಮೆ ತಯಾರಾಗುತ್ತದೆ, ಮತ್ತೆ ಕೆಲವರಲ್ಲಿ ಪ್ರಮಾಣ ಸರಿಯಿದ್ದರೂ ಅದರ ರಚನೆ ಕೆಟ್ಟಿರುತ್ತದೆ. ಆದ್ದರಿಂದ ಪ್ರಮಾಣವನ್ನಷ್ಟೇ ಅಳೆದರೆ ಸಾಲದು, ಅದು ಕೆಲಸ ಮಾಡುತ್ತದೆಯೇ ಎಂದೂ ನೋಡಬೇಕು.

ಈ ದೋಷವಿರುವವರು ಎಷ್ಟೋ ವರ್ಷ ಆರೋಗ್ಯವಾಗಿಯೇ ಇರುತ್ತಾರೆ. ಶಸ್ತ್ರಚಿಕಿತ್ಸೆ, ಮುರಿದ ಮೂಳೆಗೆ ಕಟ್ಟು ಹಾಕಿಸಿಕೊಂಡು ಮಲಗಿದ ವಾರಗಳು, ಗರ್ಭನಿರೋಧಕ ಮಾತ್ರೆ, ಬಸಿರು, ಬಾಣಂತನ ಇಂಥ ಸಂದರ್ಭಗಳಲ್ಲಿ ತಕ್ಕಡಿ ವಾಲುತ್ತದೆ. ಹೆರಿಗೆಯಾಗಿ ಹತ್ತು ದಿನಕ್ಕೆ ಬಾಣಂತಿಯ ಎಡಗಾಲು ಮಾತ್ರ ತೊಡೆಯವರೆಗೆ ಊದಿಕೊಂಡು, ಮುಟ್ಟಿದರೆ ಬಿಸಿಯೆನಿಸಿ, ಮೀನಖಂಡ ನೋಯತೊಡಗಿದರೆ ಅದನ್ನು ಬಾಣಂತನದ ಸಹಜ ಬಾವು ಎಂದುಕೊಂಡು ಎಣ್ಣೆ ಹಚ್ಚಿ ತಿಕ್ಕುವುದು ಅಪಾಯಕರ. ಆ ಹೆಪ್ಪು ಕಳಚಿಕೊಂಡು ಶ್ವಾಸಕೋಶ ಸೇರಿದರೆ ಜೀವಕ್ಕೇ ಕುತ್ತು. ಬಾಣಂತಿಯರ ಮಿದುಳಿನ ಅಭಿಧಮನಿಗಳಲ್ಲಿ ರಕ್ತ ಹೆಪ್ಪುಗಟ್ಟುವುದನ್ನು ಬೆಂಗಳೂರಿನ ನಿಮ್ಹಾನ್ಸ್‌ನ ವೈದ್ಯರು ದಶಕಗಳಿಂದ ಅಧ್ಯಯನ ಮಾಡುತ್ತ ಬಂದಿದ್ದಾರೆ. ಅಂಥ ಬಾಣಂತಿಯರೆಲ್ಲರಲ್ಲೂ ವಂಶಪಾರಂಪರ್ಯ ದೋಷ ಇರುತ್ತದೆ ಎಂದೇನಲ್ಲ, ನಿಜ. ಆದರೂ ತಾಯಿಗೋ ಚಿಕ್ಕಮ್ಮನಿಗೋ ಹೀಗೇ ಆಗಿತ್ತೆ ಎಂಬ ಪ್ರಶ್ನೆಯನ್ನು ಪ್ರತಿ ಬಾರಿಯೂ ಕೇಳಲೇಬೇಕು ಎಂದು ನನಗನಿಸುತ್ತದೆ.

ಪರೀಕ್ಷೆಯ ಸಮಯವೂ ಮುಖ್ಯ. ಹೊಸ ಹೆಪ್ಪು ಮೂಡುವಾಗ ಆಂಟಿಥ್ರಾಂಬಿನ್ ಖರ್ಚಾಗುತ್ತದೆ, ಹೆಪಾರಿನ್ ಚಿಕಿತ್ಸೆಯಲ್ಲೂ ಅದರ ಮಟ್ಟ ಇಳಿಯುತ್ತದೆ. ಹೀಗಾಗಿ ಆಸ್ಪತ್ರೆಯ ಹಾಸಿಗೆಯಲ್ಲಿ ಕಂಡ ಕಡಿಮೆ ಅಂಕಿಯನ್ನು ನಂಬಿ ಒಬ್ಬರಿಗೆ ಹುಟ್ಟುದೋಷದ ಹಣೆಪಟ್ಟಿ ಹಚ್ಚಬಾರದು. ಚಿಕಿತ್ಸೆ ಮುಗಿದ ಮೇಲೆ ಮತ್ತೆ ಅಳೆದು ಖಚಿತಪಡಿಸಿಕೊಳ್ಳಬೇಕು.

ಚಿಕಿತ್ಸೆಯಲ್ಲಿ ಒಂದು ತೊಡಕಿದೆ. ಹೆಪ್ಪು ತಡೆಯಲು ಕೊಡುವ ಹೆಪಾರಿನ್ ಕೆಲಸ ಮಾಡುವುದೇ ಆಂಟಿಥ್ರಾಂಬಿನ್ ಮೂಲಕ. ಅದೇ ಕಡಿಮೆಯಿದ್ದವರಿಗೆ ಮಾಮೂಲಿ ಪ್ರಮಾಣ ಸಾಲದೆ ಹೋಗಬಹುದು. ವಾರ್ಫರಿನ್ ಮಾತ್ರೆಗೆ ಈ ತೊಡಕಿಲ್ಲ, ಆದರೆ ಅದು ಭ್ರೂಣಕ್ಕೆ ಹಾನಿ ಮಾಡಬಲ್ಲದಾದ್ದರಿಂದ ಬಸುರಿಯರಿಗೆ ಹೆಪಾರಿನ್ ಚುಚ್ಚುಮದ್ದೇ ಆಸರೆ. ಹೆರಿಗೆಯ ಹೊತ್ತಿನಲ್ಲಿ ಅಗತ್ಯವಿದ್ದರೆ ದಾನಿಗಳ ರಕ್ತದಿಂದ ಬೇರ್ಪಡಿಸಿದ ಆಂಟಿಥ್ರಾಂಬಿನ್ನನ್ನೇ ರಕ್ತನಾಳಕ್ಕೆ ಕೊಡುವುದುಂಟು. ಮನುಷ್ಯರ ಈ ಜೀನನ್ನು ಮೇಕೆಗಳಿಗೆ ಸೇರಿಸಿ, ಅವುಗಳ ಹಾಲಿನಿಂದ ಪ್ರೋಟೀನನ್ನು ಶುದ್ಧೀಕರಿಸಿ ಪಡೆದ ಔಷಧಿಗೂ ಯುರೋಪಿನಲ್ಲಿ 2006ರಲ್ಲಿ, ಅಮೆರಿಕದಲ್ಲಿ 2009ರಲ್ಲಿ ಅನುಮತಿ ಸಿಕ್ಕಿತು.