ನಿಂತಾಗ ನಡುಗುವ ಪಿಕಪ್

ಸುಗ್ಗಿಯ ದಿನಗಳಲ್ಲಿ ಗಂಗಾವತಿಯ ಅಕ್ಕಿ ಗಿರಣಿಗಳ ಮುಂದೆ ಭತ್ತದ ಚೀಲ ಹೇರಿಕೊಂಡು ತೂಕದ ಸರದಿಗೆ ಕಾಯುವ ಹಳೆಯ ಪಿಕಪ್‌ಗಳ ಪಕ್ಕದ ಕನ್ನಡಿಗಳನ್ನು ಗಮನಿಸಬೇಕು. ಕೆಲವು ಗಾಡಿಗಳ ಕನ್ನಡಿಯಲ್ಲಿ ಹಿಂದೆ ನಿಂತ ಲಾರಿ ಸ್ಪಷ್ಟವಾಗಿ ಕಾಣುತ್ತದೆ. ಇನ್ನು ಕೆಲವುಗಳಲ್ಲಿ ಅದೇ ಲಾರಿ ಕಲಕಿದ ನೀರಿನೊಳಗಿನ ಬಿಂಬದಂತೆ ಒಡೆದುಹೋಗಿರುತ್ತದೆ. ಚಾಲಕರನ್ನು ಕೇಳಿದರೆ "ಸ್ಲೋದಾಗ ಮಿಸ್ ಹೊಡಿತೈತ್ರಿ, ರೋಡಿಗೆ ಬಿದ್ರ ಏನೂ ಇಲ್ಲ" ಎನ್ನುತ್ತಾರೆ. ಸ್ಲೋ ಎಂದರೆ ಗಾಡಿ ನಿಂತಿದ್ದು ಇಂಜಿನ್ ಮಾತ್ರ ಮೆಲ್ಲಗೆ ಓಡುತ್ತಿರುವ ಸ್ಥಿತಿ; ಮಿಸ್ ಹೊಡೆಯುವುದೆಂದರೆ ಒಂದು ಸಿಲಿಂಡರ್ ಸರಿಯಾಗಿ ಉರಿಯದೆ ಇಂಜಿನ್ ಕುಂಟುವುದು. ಆ ಮಾತಿನ ಎರಡೂ ಭಾಗ ನಿಜ. ಆದರೆ ರಸ್ತೆಯಲ್ಲಿ ದೋಷ ಇಲ್ಲವಾಗುವುದಿಲ್ಲ, ಮುಚ್ಚಿಹೋಗುತ್ತದೆ ಅಷ್ಟೆ.

ಅದನ್ನು ಮುಚ್ಚಿಡುವುದು ಫ್ಲೈವೀಲ್ ಎಂಬ ಭಾರವಾದ ಚಕ್ರ. ಒಂದು ಸಿಲಿಂಡರಿನ ಸ್ಫೋಟಕ್ಕೂ ಮುಂದಿನದಕ್ಕೂ ನಡುವೆ ಇಂಜಿನ್ ತಿರುಗುತ್ತಲೇ ಇರಬೇಕಾದ ಶಕ್ತಿಯನ್ನು ಅದು ಕೂಡಿಟ್ಟುಕೊಂಡಿರುತ್ತದೆ, ಮತ್ತು ಆ ಶಕ್ತಿ ವೇಗದ ವರ್ಗಕ್ಕೆ ಅನುಗುಣವಾಗಿ ಬೆಳೆಯುತ್ತದೆ. ನಿಮಿಷಕ್ಕೆ 2,400 ಸುತ್ತು ತಿರುಗುವಾಗ ಇರುವ ಸಂಗ್ರಹದ ಒಂಬತ್ತನೇ ಒಂದು ಪಾಲು ಮಾತ್ರ 800 ಸುತ್ತಿನ ಸ್ಲೋದಲ್ಲಿ ಉಳಿದಿರುತ್ತದೆ; ಅದು ಸಾಲದೆಂಬಂತೆ, ಎರಡು ಸ್ಫೋಟಗಳ ನಡುವಿನ ಅಂತರವೂ ಮೂರು ಪಟ್ಟು ದೀರ್ಘವಾಗುತ್ತದೆ. ಹೀಗೆ ಕೈ ಬರಿದಾದ ಹೊತ್ತಿನಲ್ಲಿ ನಾಲ್ಕು ಸಿಲಿಂಡರುಗಳಲ್ಲಿ ಒಂದು ಮೈಗಳ್ಳತನ ಮಾಡಿದರೂ ಇಡೀ ಗಾಡಿಗೆ ಗೊತ್ತಾಗುತ್ತದೆ.

ಲೆಕ್ಕವನ್ನು ಇನ್ನೊಂದು ಹೆಜ್ಜೆ ಮುಂದಕ್ಕೆ ಒಯ್ದರೆ ನಡುಕದ ಲಯವೇ ರೋಗವನ್ನು ಹೇಳತೊಡಗುತ್ತದೆ. ನಾಲ್ಕು ಸಿಲಿಂಡರಿನ ಇಂಜಿನ್ 800 ಸುತ್ತಿನಲ್ಲಿ ಸೆಕೆಂಡಿಗೆ ಸುಮಾರು 27 ಬಾರಿ ಉರಿಯುತ್ತದೆ. ಅದು ಕೈಗೆ ಒಂದೇ ಸಮನಾದ ಗುಂಯ್‌ಗುಡುವಿಕೆಯಾಗಿ ತಾಗುತ್ತದೆ. ಒಂದು ಸಿಲಿಂಡರ್ ಸತ್ತರೆ ಸೆಕೆಂಡಿಗೆ ಏಳರ ಹತ್ತಿರ ಹತ್ತಿರ ಒಂದು ಕುಂಟು ಪೆಟ್ಟು ಅದರಲ್ಲಿ ಸೇರಿಕೊಳ್ಳುತ್ತದೆ, ಸೈಲೆನ್ಸರಿನ ಬಾಯಿಯ ಬಳಿ ಕಿವಿಗೊಟ್ಟರೆ ಆ ಕುಂಟು ಸ್ಪಷ್ಟ. ಅದರ ಬದಲು ಇಂಜಿನ್ ನಿಧಾನವಾಗಿ ಏರಿ, ಇಳಿದು, ಮತ್ತೆ ಏರುತ್ತಿದ್ದರೆ ಅದು ಒಂದು ಸಿಲಿಂಡರಿನ ದೂರಲ್ಲ. ಎಲ್ಲಕ್ಕೂ ಡೀಸೆಲ್ ಹಂಚುವ ಪಂಪಿನ ಕಡೆಯದೋ, ಇಂಜಿನ್ನಿನ ವೇಗವನ್ನು ಹಿಡಿತದಲ್ಲಿಡುವ ಅದರ ಗವರ್ನರಿನದೋ ಇರಬೇಕು. ಸೈಲೆನ್ಸರಿನ ಸದ್ದು ಸಮನಾಗಿಯೇ ಇದ್ದು ಕ್ಯಾಬಿನ್ ಮಾತ್ರ ನಡುಗುತ್ತಿದ್ದರೆ ಇಂಜಿನ್ನಿನ ಕೆಳಗಿನ ರಬ್ಬರ್ ಮೌಂಟಿಂಗ್ ಹರಿದಿರುವುದೇ ಹೆಚ್ಚು. 2005ರಲ್ಲಿ ಬಂದ ಟಾಟಾ ಏಸ್‌ನಂಥ ಎರಡು ಸಿಲಿಂಡರಿನ ಪುಟ್ಟ ಗಾಡಿಗಳಿಗೆ ಈ ಅಳತೆಗೋಲು ಹೊಂದುವುದಿಲ್ಲ. ಸ್ವಲ್ಪ ಕುಲುಕಾಟ ಅವುಗಳ ಹುಟ್ಟುಗುಣ.

ಈ ಸೀಮೆಯ ಹಳೆಯ ಪಿಕಪ್‌ಗಳಲ್ಲಿ ಹೆಚ್ಚಿನವು ಡೀಸೆಲ್ ಗಾಡಿಗಳಾದ್ದರಿಂದ ಸ್ಪಾರ್ಕ್ ಪ್ಲಗ್ಗಿನ ವಿಚಾರವನ್ನು ಬದಿಗಿಟ್ಟು ಡೀಸೆಲ್ಲಿನ ಅಳತೆಗೆ ಬರೋಣ. ಸ್ಲೋದಲ್ಲಿ ಇಂಜಿನ್ ಗಂಟೆಗೆ ಮುಕ್ಕಾಲು ಲೀಟರ್ ಕುಡಿಯುತ್ತದೆ ಎಂದಿಟ್ಟುಕೊಂಡರೆ, ಆ ಒಂದು ಗಂಟೆಯಲ್ಲಿ 96,000 ಸಿಂಪಡಣೆಗಳು ನಡೆಯುವುದರಿಂದ, ಒಂದೊಂದಕ್ಕೆ ಸಿಗುವುದು ಸುಮಾರು 8 ಘನ ಮಿಲಿಮೀಟರ್. ಒಂದು ನೀರ ಹನಿಯ ಆರನೇ ಒಂದು ಭಾಗದಷ್ಟು! ರುಡಾಲ್ಫ್ ಡೀಸೆಲ್ 1897ರಲ್ಲಿಯೇ ತನ್ನ ಇಂಜಿನ್ನನ್ನು ನಡೆಸಿ ತೋರಿಸಿದ್ದರೂ, ಇಷ್ಟು ಸಣ್ಣ ಪ್ರಮಾಣವನ್ನು ಪ್ರತಿಸಲವೂ ತಪ್ಪದೆ ಅಳೆದು ಕೊಡುವ ಪಂಪನ್ನು ಬಾಷ್ ಕಂಪನಿ ಸಾಲುಸಾಲಾಗಿ ತಯಾರಿಸತೊಡಗಿದ್ದು 1927ರಲ್ಲಿ. ಅಳತೆ ಇಷ್ಟು ಚಿಕ್ಕದಿರುವಾಗ, ಡೀಸೆಲ್ಲನ್ನು ಸಿಲಿಂಡರಿನೊಳಕ್ಕೆ ಸಿಂಪಡಿಸುವ ನಾಜಲಿನ ತುದಿ ಚೂರು ಸೋರಿದರೂ, ಒಂದು ಗಾಳಿಗುಳ್ಳೆ ನುಸುಳಿದರೂ ಲೆಕ್ಕ ತಪ್ಪುತ್ತದೆ.

ಗಾಳಿಗುಳ್ಳೆಯ ತಂಟೆ ಬಿಸಿಲುನಾಡಿನಲ್ಲಿ ತುಸು ಹೆಚ್ಚು. ಬಳ್ಳಾರಿ, ರಾಯಚೂರಿನ ಬೇಸಿಗೆಗೆ ಇಂಜಿನ್ನಿನ ಕಾವೂ ಸೇರಿ ವರ್ಷಾನುಗಟ್ಟಲೆ ಬೆಂದ ರಬ್ಬರ್ ಪೈಪು ಗಟ್ಟಿಯಾಗಿ, ಕ್ಲಿಪ್ಪಿನ ಬಳಿ ಕೂದಲೆಳೆಯಂಥ ಬಿರುಕು ಬಿಡುತ್ತದೆ. ಟ್ಯಾಂಕಿನಿಂದ ಡೀಸೆಲ್ಲನ್ನು ಎಳೆದುಕೊಳ್ಳುವ ಪೈಪಾದ್ದರಿಂದ ಆ ಬಿರುಕಿನಲ್ಲಿ ಡೀಸೆಲ್ ಹೊರಕ್ಕೆ ಸೋರದೆ ಗಾಳಿ ಒಳಕ್ಕೆ ಹೋಗುತ್ತದೆ. ನೆಲದ ಮೇಲೆ ಒಂದು ಕಲೆಯೂ ಕಾಣದ ಕಾರಣ ಪೈಪಿನ ಮೇಲೆ ಯಾರಿಗೂ ಅನುಮಾನ ಬರುವುದಿಲ್ಲ. ದ್ರವವನ್ನು ಹಿಂಡಿ ಕುಗ್ಗಿಸುವುದು ಕಷ್ಟ, ಗಾಳಿಯನ್ನು ಸುಲಭ. ನಾಜಲ್ ತೆರೆದುಕೊಳ್ಳಲು ಸುಮಾರು 200 ಬಾರ್ (ಒಂದು ಬಾರ್ ಎಂದರೆ ಹೆಚ್ಚುಕಡಿಮೆ ನಮ್ಮ ಸುತ್ತಲಿನ ಗಾಳಿಯ ಒತ್ತಡ) ಒತ್ತಡ ಬೇಕಾಗಿರುವಾಗ, ಪಂಪಿನ ತಳ್ಳಾಟವೆಲ್ಲ ಗುಳ್ಳೆಯನ್ನು ಹಿಂಡುವುದರಲ್ಲೇ ಮುಗಿದುಹೋಗುತ್ತದೆ. ಫಿಲ್ಟರಿಗೂ ಪಂಪಿಗೂ ನಡುವೆ ಒಂದು ಪಾರದರ್ಶಕ ಪೈಪಿನ ತುಂಡನ್ನು ಸೇರಿಸಿ ನೋಡಿದರೆ ಗುಳ್ಳೆಗಳು ಕಣ್ಣಿಗೇ ಬೀಳುತ್ತವೆ. ನಾನೊಮ್ಮೆ ಇಪ್ಪತ್ತು ರೂಪಾಯಿಯ ಈ ಪೈಪಿನ ಪರೀಕ್ಷೆ ತಿಳಿಯದೆ ಪಂಪನ್ನೇ ಬಿಚ್ಚಿಸಿ ಕ್ಯಾಲಿಬ್ರೇಶನ್ನಿಗೆ ಕಳಿಸಿದ್ದೆ. ಮರಳಿ ಬಂದ ಪಂಪು ಮೊದಲಿನಷ್ಟೇ ನಿಷ್ಠೆಯಿಂದ ನಡುಗಿಸಿತು.

ಗಾಳಿ ಇಲ್ಲವೆಂದಾದರೆ ಕುಂಟುವ ಸಿಲಿಂಡರನ್ನು ಹಿಡಿಯುವ ಹಳೆಯ ಉಪಾಯವಿದೆ. ಇಂಜಿನ್ ಸ್ಲೋದಲ್ಲಿ ಓಡುತ್ತಿರುವಾಗ ಅನುಭವಿ ಮೇಸ್ತ್ರಿ ನಾಜಲಿಗೆ ಬರುವ ಉಕ್ಕಿನ ಪೈಪಿನ ನಟ್ಟನ್ನು ಬಟ್ಟೆ ಸುತ್ತಿ, ಒಂದಾದ ಮೇಲೊಂದರಂತೆ, ಅರೆ ಸುತ್ತು ಸಡಿಲಿಸುತ್ತಾರೆ. ಚೆನ್ನಾಗಿ ದುಡಿಯುತ್ತಿದ್ದ ಸಿಲಿಂಡರಾದರೆ ಇಂಜಿನ್ ಕೂಡಲೇ ಕುಸಿಯುತ್ತದೆ. ಸಡಿಲಿಸಿದರೂ ಸದ್ದು ಬದಲಾಗದಿದ್ದರೆ ಕಳ್ಳ ಅಲ್ಲಿಯೇ ಇದ್ದಾನೆ. ಚಿಮ್ಮುವ ಡೀಸೆಲ್ ಚರ್ಮವನ್ನು ತೂರಿ ಒಳಸೇರಬಲ್ಲದು, ಹಾಗಾಗಿ ಬರಿಗೈ ಸಲ್ಲದು. ಎಲ್ಲ ನಾಜಲುಗಳಿಗೂ ಒಂದೇ ಕೊಳವೆಯಿಂದ ಡೀಸೆಲ್ ಹೋಗುವ, 1,000 ಬಾರ್ ಮೀರಿದ ಒತ್ತಡವಿರುವ ಕಾಮನ್ ರೈಲ್ ಗಾಡಿಗಳಲ್ಲಂತೂ ಈ ಪ್ರಯೋಗದ ಹತ್ತಿರವೂ ಸುಳಿಯಕೂಡದು. ಕಳ್ಳ ಸಿಕ್ಕಿದ ಮೇಲೆ ಆ ನಾಜಲನ್ನು ಪಕ್ಕದ ಸಿಲಿಂಡರಿನ ನಾಜಲಿನೊಂದಿಗೆ ಅದಲುಬದಲು ಮಾಡಿ ಮತ್ತೊಮ್ಮೆ ನೋಡಬೇಕು. ದೋಷವೂ ನಾಜಲಿನ ಜೊತೆಗೆ ಪಕ್ಕಕ್ಕೆ ಹೋದರೆ ನಾಜಲ್ ಕೆಟ್ಟಿದೆ; ಇದ್ದಲ್ಲೇ ಉಳಿದರೆ ಸಿಲಿಂಡರಿನ ಕಂಪ್ರೆಶನ್, ಅಂದರೆ ಒಳಗಿನ ಗಾಳಿಯನ್ನು ಅದು ಹಿಂಡುವ ಒತ್ತಡದ ಕಡೆಗೆ ಅನುಮಾನ ತಿರುಗುತ್ತದೆ.

ಇಲ್ಲೊಂದು ಮಾತು ಹೇಳಬೇಕು. ಗಾಡಿ ಸ್ಲೋದಲ್ಲಿ ನಡುಗಿದರೆ ನಮ್ಮಲ್ಲಿ ಮೊದಲು ಬಿಚ್ಚುವುದು ಏರ್ ಫಿಲ್ಟರನ್ನು. ಆದರೆ ಸ್ಲೋದಲ್ಲಿ ಸುಡಬೇಕಾದ ಡೀಸೆಲ್ಲಿಗೆ ಹೋಲಿಸಿದರೆ ಇಂಜಿನ್ ಎಳೆದುಕೊಳ್ಳುವ ಗಾಳಿ ಬೇಕಾದ್ದಕ್ಕಿಂತ ಎಷ್ಟೋ ಹೆಚ್ಚು; ಕಟ್ಟಿಕೊಂಡ ಫಿಲ್ಟರಿನ ಪರಿಣಾಮ ಕಾಣುವುದು ಭಾರ ಹೊತ್ತು ಏರು ಹತ್ತುವಾಗಿನ ಕಪ್ಪು ಹೊಗೆಯಲ್ಲಿ. ಕಟ್ಟಿದ ಫಿಲ್ಟರಿಗಿಂತ ಹರಿದ ಫಿಲ್ಟರ್ ಹೆಚ್ಚು ಅಪಾಯಕಾರಿ. ಸಂಡೂರಿನ ಗಣಿ ದಾರಿಗಳ ಕೆಂಪು ದೂಳಿನಲ್ಲಿರುವ ಹೆಮಟೈಟ್ ಎಂಬ ಕಬ್ಬಿಣದ ಅದಿರಿನ ಕಣ ಸಿಲಿಂಡರಿನ ಗೋಡೆಯನ್ನೂ ಪಿಸ್ಟನ್ ರಿಂಗುಗಳನ್ನೂ ಉಜ್ಜಿ ಸವೆಸುವಷ್ಟು ಗಡಸು. ಡೀಸೆಲ್ ಹೊತ್ತಿಕೊಳ್ಳುವುದೇ ಗಾಳಿಯನ್ನು ಇಪ್ಪತ್ತನೇ ಒಂದು ಪಾಲಿನಷ್ಟಕ್ಕೆ ಹಿಂಡಿದಾಗ ಹುಟ್ಟುವ, 500 ಡಿಗ್ರಿ ಮೀರುವ ಶಾಖದಿಂದ. ಸವೆದ ರಿಂಗಿನ ಸಂದಿಯಲ್ಲಿ ಗಾಳಿ ಜಾರಿಹೋದರೆ ಆ ಶಾಖ ಏರುವುದಿಲ್ಲ. ಬೇಸಿಗೆಯಲ್ಲಿ ಇದು ಗೊತ್ತಾಗದೆ, ಡಿಸೆಂಬರಿನ ಮುಂಜಾವಿನಲ್ಲಿ ಬಿಳಿಯ ಹೊಗೆ, ಸುಡದ ಡೀಸೆಲ್ಲಿನ ಘಾಟು ಮತ್ತು ಕುಂಟು ನಡಿಗೆಯಾಗಿ ಹೊರಬಿದ್ದು, ಇಂಜಿನ್ ಬಿಸಿಯಾಗುತ್ತಲೇ ಮಾಯವಾಗುತ್ತದೆ.

ಆಯಿಲ್ ಹಾಕುವ ಮುಚ್ಚಳವನ್ನು ಇಂಜಿನ್ ಓಡುವಾಗಲೇ ತೆಗೆದು ನೋಡಿದರೆ ರಿಂಗಿನ ಸ್ಥಿತಿ ತಕ್ಕಮಟ್ಟಿಗೆ ತಿಳಿಯುತ್ತದೆ: ಬುಸುಬುಸು ಹೊಗೆ ಬಂದರೆ ರಿಂಗು ಸವೆದಿದೆ. ಹೊಗೆ ಬಾರದೆಯೂ ಕಂಪ್ರೆಶನ್ ಅಳೆಯುವ ಗೇಜಿನಲ್ಲಿ ಮೂರು ಸಿಲಿಂಡರು 28 ಬಾರಿನ ಆಸುಪಾಸಿನಲ್ಲಿದ್ದು ಒಂದೇ ಒಂದು 20ಕ್ಕೆ ನಿಂತರೆ ಗಾಳಿ, ಹೊಗೆಯ ದಾರಿಯನ್ನು ತೆರೆದು ಮುಚ್ಚುವ ವಾಲ್ವ್ ಪೂರ್ತಿ ಮುಚ್ಚುತ್ತಿಲ್ಲವೆಂದು ತಿಳಿದು ಮೊದಲು ಟ್ಯಾಪೆಟ್ ಸಂದನ್ನು, ಅಂದರೆ ವಾಲ್ವಿಗೂ ಅದನ್ನು ಒತ್ತುವ ಭಾಗಕ್ಕೂ ನಡುವಿನ ಸಂದನ್ನು, ತೆಳು ಪಟ್ಟಿಗಳ ಫೀಲರ್ ಗೇಜಿನಿಂದ ಅಳೆಯುವುದು ಸರಿ. ಸಂದು ತೀರ ಬಿಗಿಯಾಗಿ ವಾಲ್ವ್ ಎತ್ತಿಕೊಂಡೇ ಇದ್ದರೆ ಅರ್ಧ ಗಂಟೆಯ ಹೊಂದಾಣಿಕೆಯಲ್ಲಿ ಕೆಲಸ ಮುಗಿಯುತ್ತದೆ. ಅದೂ ಫಲಿಸದಿದ್ದರೆ ಮಾತ್ರ ಸಿಲಿಂಡರುಗಳ ಮೇಲಿನ ಮುಚ್ಚಳವಾದ ಹೆಡ್ ಬಿಚ್ಚಬೇಕು. ಅಷ್ಟು ಹೊತ್ತಿಗೆ ಯಾವ ಸಿಲಿಂಡರಿನ ವಾಲ್ವನ್ನು ಬೆಳಕಿಗೆ ಹಿಡಿದು ನೋಡಬೇಕೆಂಬುದು ಮೇಸ್ತ್ರಿಗೂ ಮಾಲೀಕರಿಗೂ ಗೊತ್ತಿರುತ್ತದೆ.