ಕೇಬಲ್ ಟಿವಿಯವನು ಬದಲಿಸಿದ ತಾರೀಖು

‘ದೃಶ್ಯಂ’ ಚಿತ್ರದ ಜಾರ್ಜ್‌ಕುಟ್ಟಿ ಓದಿದ್ದು ನಾಲ್ಕನೇ ಕ್ಲಾಸು. ಕೇಬಲ್ ಟಿವಿ ನಡೆಸುತ್ತಾನೆ, ರಾತ್ರಿಯೆಲ್ಲ ಆಫೀಸಿನಲ್ಲೇ ಕೂತು ಸಿನಿಮಾ ನೋಡುತ್ತಾನೆ. 2013ರ ಈ ಮಲಯಾಳಂ ಚಿತ್ರ ಮರುವರ್ಷವೇ ಕನ್ನಡದಲ್ಲಿ ‘ದೃಶ್ಯ’ವಾಗಿ ಬಂತು. ಅಲ್ಲಿ ರವಿಚಂದ್ರನ್ ಮಾಡಿದ ರಾಜೇಂದ್ರ ಪೊನ್ನಪ್ಪನೂ ಇಂಥವನೇ. ಮನೆಯಲ್ಲೊಂದು ಸಾವಾದಾಗ ಮಾತ್ರ ಈ ಸಾದಾ ಮನುಷ್ಯ ಜನರ ನೆನಪಿಗೇ ಕೈ ಹಾಕುತ್ತಾನೆ. (ಇನ್ನೂ ನೋಡಿಲ್ಲದವರು ಇಲ್ಲೇ ನಿಲ್ಲಿಸಿ!)

ಘಟನೆ ನಡೆದ ಮೇಲೆ ಅವನು ಹೆಂಡತಿ ಮಕ್ಕಳನ್ನು ಬೇರೆ ಊರಿಗೆ ಕರೆದುಕೊಂಡು ಹೋಗುತ್ತಾನೆ. ಬಸ್ಸು, ಹೋಟೆಲು, ಥಿಯೇಟರು ಎಲ್ಲ ನಿಜವೇ. ಆಮೇಲೆ ಅಲ್ಲಿಯ ಜನರನ್ನು ಮತ್ತೆ ಕಂಡು, ಮಾತಿನ ನಡುವೆ ಸುಮ್ನೆ ಹಿಂದಿನ ತಾರೀಖು, ಅಂದರೆ ಸಾವಾದ ದಿನದ್ದು, ತೂರಿಸುತ್ತಾನೆ. ಸುಳ್ಳು ಅದೊಂದೇ.

ಇದು ಯಾಕೆ ಕೆಲಸ ಮಾಡುತ್ತದೆ? ಏನು ನಡೆಯಿತು ಅನ್ನುವುದು ನಮಗೆ ನೆನಪಿರುತ್ತದೆ, ಎಂದು ನಡೆಯಿತು ಅನ್ನುವುದು ಬೇಗ ಮಸುಕಾಗುತ್ತದೆ. ‘ಹಬ್ಬಕ್ಕೆ ಮುಂಚೆ ತಾನೇ?’, ‘ಸಂಬಳ ಆದ ಮೇಲಲ್ವಾ?’ ಅಂತ ಲೆಕ್ಕ ಹಾಕಿ ದಿನ ಹುಡುಕುತ್ತೇವೆ. ಆ ಹೊತ್ತಿಗೆ ಯಾರೋ ಒಂದು ತಾರೀಖು ಹೇಳಿದರೆ ಅದೇ ನಮ್ಮ ನೆನಪಾಗಿಬಿಡುತ್ತದೆ.

ಕೇಳಿದ ಮಾತು ನೆನಪಿನೊಳಗೆ ಸೇರಿಕೊಳ್ಳುವುದನ್ನು ಅಮೆರಿಕದ ಮನಃಶಾಸ್ತ್ರಜ್ಞರಾದ ಎಲಿಜಬೆತ್ ಲಾಫ್ಟಸ್ ಮತ್ತು ಜಾನ್ ಪಾಮರ್ 1974ರಲ್ಲೇ ತೋರಿಸಿದ್ದರು. ವಿದ್ಯಾರ್ಥಿಗಳಿಗೆ ಕಾರು ಅಪಘಾತದ ತುಣುಕು ತೋರಿಸಿ ವೇಗ ಎಷ್ಟಿತ್ತು ಅಂತ ಕೇಳಿದರು. ಕೆಲವರಿಗೆ ಕಾರುಗಳು ‘ತಾಗಿದಾಗ’ ಎಂದು, ಕೆಲವರಿಗೆ ‘ಅಪ್ಪಳಿಸಿದಾಗ’ ಎಂದು. ವಾರದ ನಂತರ ‘ಒಡೆದ ಗಾಜು ಕಂಡಿತ್ತಾ?’ ಅಂದರು. ‘ಅಪ್ಪಳಿಸಿದಾಗ’ ಎಂದು ಕೇಳಿಸಿಕೊಂಡ 50 ಜನರಲ್ಲಿ 16 ಮಂದಿ ಹೌದು ಅಂದರು. ‘ತಾಗಿದಾಗ’ ಗುಂಪಿನ 50ರಲ್ಲಿ 7 ಮಂದಿ. ತುಣುಕಿನಲ್ಲಿ ಗಾಜು ಒಡೆದೇ ಇರಲಿಲ್ಲ!

ಪೊಲೀಸರು ಎಡವುವುದು ಇಲ್ಲೇ. ಸುಳ್ಳು ಹೇಳುವವನು ತಡವರಿಸುತ್ತಾನೆ ಅಂತ ಅವರು ಕಾಯುತ್ತಾರೆ. ಆದರೆ ಕಂಡಕ್ಟರು, ಹೋಟೆಲಿನವನು ಯಾರೂ ಸುಳ್ಳು ಹೇಳುತ್ತಿಲ್ಲ. ತಮಗೆ ನೆನಪಿದ್ದುದನ್ನೇ ಪ್ರಾಮಾಣಿಕವಾಗಿ ಹೇಳುತ್ತಾರೆ. ಮನೆಯವರಿಗೂ ಕಥೆ ಕಟ್ಟುವ ಕಷ್ಟವಿಲ್ಲ, ತಿಂದದ್ದು ನೋಡಿದ್ದು ಎಲ್ಲ ಅನುಭವವೇ. ಬದಲಿಸಬೇಕಾದ್ದು ದಿನ ಒಂದೇ.

ಸಿನಿಮಾ ಇದನ್ನು ಸ್ವಲ್ಪ ಜಾಸ್ತಿ ಸಲೀಸು ಮಾಡಿದೆ ಅನ್ನಿ. ಲಾಫ್ಟಸ್ ಪ್ರಯೋಗದಲ್ಲೂ ‘ಅಪ್ಪಳಿಸಿದಾಗ’ ಗುಂಪಿನ 34 ಮಂದಿ ಗಾಜು ಕಂಡಿಲ್ಲ ಅಂದರಲ್ಲ. ನಿಜವಾದ ಊರಲ್ಲಾದರೆ ಒಬ್ಬ ಕಂಡಕ್ಟರಾದರೂ ‘ಅವತ್ತು ನನಗೆ ರಜೆ ಇತ್ತು ಸಾರ್’ ಅಂದುಬಿಡುತ್ತಿದ್ದ.