ಚೀಲ ಹಾಳಾಗುವುದು ಅಟ್ಟದ ಮೇಲೆ

ಮಳೆಗಾಲ ಮುಗಿದು ಬಿಸಿಲು ಬಿದ್ದ ಮೇಲೆ ಮೂಡಿಗೆರೆ, ಸಕಲೇಶಪುರದ ಕಡೆ ಹಳೆಯ ಟ್ರೆಕಿಂಗ್ ಬ್ಯಾಗನ್ನು ಅಟ್ಟದಿಂದ ಇಳಿಸಿ ಒಳಗೆ ಕೈ ಹಾಕಿದರೆ ಬಹಳ ಸಲ ಸಿಗುವುದು ಇದು: ಅಂಟಂಟಾದ ಒಳಮೈ, ಬೆರಳಿಗೆ ಹತ್ತುವ ಬಿಳಿ ಹೊಪ್ಪಳೆ, ಹುಳಿ ಕಮಟು ವಾಸನೆ. ಡೂಪ್ಲಿಕೇಟ್ ಮಾಲು ಎಂದು ಅಂಗಡಿಯವನಿಗೆ ಬೈಗುಳ ಬೀಳುತ್ತದೆ. ಇಲ್ಲವೇ ಬೂಷ್ಟು ಹಿಡಿದಿದೆ ಎಂದುಕೊಂಡು ಬಿಸಿನೀರಿಗೆ ಸೋಪಿನ ಪುಡಿ ಹಾಕಿ ನೆನೆಸುತ್ತಾರೆ. ಎರಡೂ ತಪ್ಪು. ಅಸಲಿ ಮಾಲಿಗೂ, ಹತ್ತು ಸಾವಿರ ಕೊಟ್ಟು ತಂದ ಬ್ಯಾಗಿಗೂ ಇದೇ ಗತಿ ಬರುತ್ತದೆ. ಬಿಸಿನೀರಂತೂ ಉರಿಯುವ ಬೆಂಕಿಗೆ ತುಪ್ಪ ಸುರಿದ ಹಾಗೆ.

ನೈಲಾನ್ ಬಟ್ಟೆ ತಾನಾಗಿ ನೀರು ತಡೆಯುವುದಿಲ್ಲ. ಅಂಗಡಿಯಲ್ಲಿ ಜೋರಾಗಿ ಹೇಳುವ ‘ಸಾವಿರ ಡೆನಿಯರ್’ ಕೂಡ ನೀರಿನ ಲೆಕ್ಕವಲ್ಲ. 9000 ಮೀಟರ್ ನೂಲು ಎಷ್ಟು ಗ್ರಾಂ ತೂಗುತ್ತದೆ ಎಂಬುದು ಡೆನಿಯರ್. ಕಲ್ಲಿಗೆ, ಮುಳ್ಳಿಗೆ ಬಟ್ಟೆ ಎಷ್ಟು ಬಾಳುತ್ತದೆ ಎಂಬ ಅಂದಾಜು ಅದರಿಂದ ಸಿಗುತ್ತದೆ, ಅಷ್ಟೇ. ನೀರು ತಡೆಯುವುದು ಒಳಮೈಗೆ ಬಳಿದ ತೆಳ್ಳನೆಯ ಪದರ. ಅಗ್ಗದ, ಮಧ್ಯಮ ಬೆಲೆಯ ಬ್ಯಾಗುಗಳಲ್ಲಿ ಅದು ಹೆಚ್ಚಾಗಿ ಪಾಲಿಯುರೆಥೇನ್, ಅಂದರೆ ಪಿಯು.

ಪಿಯುನಲ್ಲಿ ಮುಖ್ಯವಾಗಿ ಎರಡು ಜಾತಿ. ಅಗ್ಗದ್ದರಲ್ಲಿ ಅಣುಸರಪಳಿಯ ಕೊಂಡಿಗಳು ಎಸ್ಟರ್ ಬಂಧಗಳು. ನೀರಿನ ಅಣು ಹೋಗಿ ಎಸ್ಟರ್ ಬಂಧವನ್ನು ಕತ್ತರಿಸಿದರೆ ಒಂದು ತುದಿಯಲ್ಲಿ ಆಮ್ಲ, ಇನ್ನೊಂದು ತುದಿಯಲ್ಲಿ ಆಲ್ಕೋಹಾಲ್ ಉಳಿಯುತ್ತದೆ. ಇದು ಹೈಡ್ರಾಲಿಸಿಸ್. ಅದಕ್ಕೆ ಸುರಿಯುವ ಮಳೆಯೇ ಬೇಕಿಲ್ಲ, ಗಾಳಿಯ ತೇವ ಸಾಕು. ಹುಟ್ಟಿದ ಆಮ್ಲ ಸುಮ್ಮನೆ ಕೂರುವುದೂ ಇಲ್ಲ, ಪಕ್ಕದ ಬಂಧ ಕಡಿಯುವ ಕೆಲಸವನ್ನು ಚುರುಕು ಮಾಡುತ್ತದೆ. ಅಲ್ಲಿಂದ ಇನ್ನಷ್ಟು ಆಮ್ಲ. ಹಾಲಿಗೆ ಹಾಕಿದ ಚಮಚ ಹೆಪ್ಪು ಮೊಸರಾಗಿ, ಆ ಮೊಸರೇ ನಾಳಿನ ಹಾಲಿಗೆ ಹೆಪ್ಪಾಗುವ ಲೆಕ್ಕ. ಹಾಗಾಗಿಯೇ ವರ್ಷಗಟ್ಟಲೆ ಸರಿಯಾಗಿದ್ದ ಬ್ಯಾಗು ಒಂದೇ ಮಳೆಗಾಲದಲ್ಲಿ ‘ಇದ್ದಕ್ಕಿದ್ದಂತೆ’ ಕೆಟ್ಟಂತೆ ಕಾಣುತ್ತದೆ. ಉದ್ದ ಸರಪಳಿಗಳು ತುಂಡಾದಂತೆ ಪದರ ಮೆತ್ತಗಾಗಿ ಅಂಟುತ್ತದೆ, ಕೊನೆಗೆ ಹೊಪ್ಪಳೆ ಏಳುತ್ತದೆ. ಸೆಖೆ ಹೆಚ್ಚಾದಷ್ಟೂ ವೇಗ ಹೆಚ್ಚು. ಹಗಲು ಕಾದು ರಾತ್ರಿ ತೇವ ಹೀರುವ ಹೆಂಚಿನಡಿಯ ಅಟ್ಟ, ಅದರಲ್ಲೂ ಪ್ಲಾಸ್ಟಿಕ್ ಕವರಿನಲ್ಲಿ ಬಿಗಿಯಾಗಿ ಕಟ್ಟಿಟ್ಟ ಒದ್ದೆ ಬ್ಯಾಗು! ಇದಕ್ಕಿಂತ ಪ್ರಶಸ್ತ ಜಾಗ ಈ ಕ್ರಿಯೆಗೆ ಸಿಗಲಾರದು.

ಡಬ್ಬಿಯಲ್ಲೇ ಇದ್ದ ಶೂಗಳ ಅಡಿ ಪುಡಿಯಾಗಿ ಉದುರುವುದೂ ಇದೇ ಕಾರಣಕ್ಕೆ. 1970–80ರ ದಶಕದ ಎಷ್ಟೋ ಧ್ವನಿಮುದ್ರಣ ಟೇಪುಗಳಲ್ಲಿ ಕಾಂತೀಯ ಪುಡಿಯನ್ನು ಹಿಡಿದಿಟ್ಟಿದ್ದ ಅಂಟೂ ಪಾಲಿಯುರೆಥೇನೇ. ಅದು ತೇವ ಕುಡಿದು ಅಂಟಾಗಿ ಟೇಪುಗಳು ಯಂತ್ರಕ್ಕೆ ಕಚ್ಚಿಕೊಳ್ಳತೊಡಗಿದಾಗ, ದಾಖಲೆ ಕಾಪಾಡುವವರು ಅವನ್ನು 50 ಡಿಗ್ರಿಗಿಂತ ತುಸು ಹೆಚ್ಚಿನ ಶಾಖದಲ್ಲಿ ಗಂಟೆಗಟ್ಟಲೆ ಒಣಗಿಸಿ, ಒಮ್ಮೆ ನುಡಿಸಿ ಪ್ರತಿ ಮಾಡಿಕೊಳ್ಳುವ ಉಪಾಯ ಹುಡುಕಿದರು. ಬ್ಯಾಗಿಗೆ ಆ ಉಪಾಯ ನಡೆಯದು. ಅಂಟಾದ ಪದರವನ್ನು ಅಡಿಗೆ ಸೋಡಾ ಹಾಕಿ ಬ್ರಷ್‌ನಲ್ಲಿ ಉಜ್ಜಿ ತೆಗೆಯಬಹುದು. ಆಮೇಲೆ ಅದು ನೀರು ಬಿಡುವ ಬ್ಯಾಗು, ಒಳಗೊಂದು ಲೈನರ್, ಅಂದರೆ ನೀರು ತಡೆಯುವ ಒಳಚೀಲ ಹಾಕಿಯೇ ಬಳಸಬೇಕು.

ಹಾಗಾದರೆ ಕೊಳ್ಳುವುದು ಏನನ್ನು? ಪಾಲಿಈಥರ್ ಜಾತಿಯ ಪಿಯು ಹೈಡ್ರಾಲಿಸಿಸ್‌ಗೆ ಸುಲಭವಾಗಿ ಬಗ್ಗುವುದಿಲ್ಲ, ಆದರೆ ಲೇಬಲ್ಲಿನಲ್ಲಿ ಆ ವಿವರ ಹಾಕುವವರು ಕಡಿಮೆ. ಸಿಲಿಕೋನ್ ಲೇಪನ ಇನ್ನೂ ಗಟ್ಟಿ; ಅದರ ಬೆನ್ನೆಲುಬು ಸಿಲಿಕಾನ್–ಆಮ್ಲಜನಕದ ಸರಪಳಿ, ಮಲೆನಾಡಿನ ತೇವಕ್ಕೆ ಜಗ್ಗುವುದಿಲ್ಲ. ಅಂಗಡಿಯಲ್ಲೇ ಗುರುತಿಸಬಹುದು: ಒಳಮೈಗೆ ಸೆಲ್ಲೋ ಟೇಪ್ ಒತ್ತಿ ನೋಡಿ. ಪಿಯು ಆದರೆ ಕಚ್ಚುತ್ತದೆ, ಸಿಲಿಕೋನ್ ಆದರೆ ಜಾರಿ ಕಳಚುತ್ತದೆ. ಬಟ್ಟೆಗೆ ಬಾಯಿ ಒತ್ತಿ ಊದಿದಾಗ ಉಸಿರು ಆಚೆ ಹೋದರೆ ಲೇಪನ ಹೆಸರಿಗಷ್ಟೇ. ಇನ್ನು ನೂಲು: ನೈಲಾನ್ ನೀರು ಹೀರಿ ಸಡಿಲವಾಗುತ್ತದೆ, ಪಾಲಿಯೆಸ್ಟರ್ ಹೀರುವುದು ಅತ್ಯಲ್ಪ. ಉಜ್ಜಾಟಕ್ಕೆ ಮಾತ್ರ ನೈಲಾನೇ ಮೇಲು.

ಬ್ಯಾಗಿನ ಬಟ್ಟೆಯ ಬಗ್ಗೆ ಇಂಟರ್‌ನೆಟ್ಟಿನ ಸಲಹೆಗಳನ್ನು ಕಣ್ಣುಮುಚ್ಚಿ ನಂಬಬಾರದು ಎನ್ನುವುದು ಇದಕ್ಕೇ. ಅವುಗಳಲ್ಲಿ ಕೆಲವು ಅಮೆರಿಕದ ರಾಕಿ ಪರ್ವತಗಳ ಬೇಟೆಗಾರರಿಗಾಗಿ ಬರೆದವು. ಅಲ್ಲಿಯದು ಒಣ ಹವೆ. ಕೊಂಬೆ ತಾಗಿದರೆ ಬಟ್ಟೆ ಸರಸರ ಎನ್ನಬಾರದು, ಮಾಂಸದ ಭಾರ ತಡೆಯಬೇಕು, ರಕ್ತ ತೊಳೆದರೆ ಹೋಗಬೇಕು ಎಂಬುದು ಅವರ ಚಿಂತೆ. ನಮ್ಮಲ್ಲಿ 1972ರ ವನ್ಯಜೀವಿ ಕಾಯ್ದೆಯಡಿ ಬೇಟೆ ಅಪರಾಧ. ಆದ್ದರಿಂದ ಸದ್ದಿಲ್ಲದ, ರೋಮ ಎಬ್ಬಿಸಿದ ಹೊರಬಟ್ಟೆಗೆ ಇಲ್ಲಿ ದುಡ್ಡು ಸುರಿಯುವುದರಲ್ಲಿ ಅರ್ಥವಿಲ್ಲ. ಆರಿದ್ರೆ ಮಳೆಯಲ್ಲಿ ನೆನೆದರೆ ಅದು ವಾರವಾದರೂ ಆರದು.

‘ಉಸಿರಾಡುವ’ ಬಟ್ಟೆಯ ಬ್ಯಾಗೂ ಅಷ್ಟೇ ದಂಡ. ಬೆವರುವುದು ಮೈ, ಬ್ಯಾಗಲ್ಲ. ಮುಚ್ಚಿದ ಬ್ಯಾಗಿನೊಳಗಿನ ಗಾಳಿ ಮುಳ್ಳಯ್ಯನಗಿರಿಯ ತಂಪಿಗೆ ಬೆವರಿ ಬಟ್ಟೆ ಒದ್ದೆಯಾಯಿತು ಎನ್ನುವವರು ಲೆಕ್ಕ ಹಾಕಿ ನೋಡಲಿ: 28 ಡಿಗ್ರಿಯಲ್ಲಿ ತೇವ ತುಂಬಿದ ಒಂದು ಘನ ಮೀಟರ್ ಗಾಳಿಯಲ್ಲಿ ಸುಮಾರು 27 ಗ್ರಾಂ ನೀರಾವಿ, 18 ಡಿಗ್ರಿಯಲ್ಲಿ ಸುಮಾರು 15 ಗ್ರಾಂ. 40 ಲೀಟರ್ ಬ್ಯಾಗಿನಲ್ಲಿ ಇಬ್ಬನಿಯಾಗಿ ಇಳಿಯುವುದು ಅರ್ಧ ಗ್ರಾಂ. ಒದ್ದೆಗೆ ಕಾರಣ ಹೊಲಿಗೆ, ಜಿಪ್ಪು, ಇಲ್ಲವೇ ಒಳಗೆ ತುರುಕಿದ ಹಸಿ ಟವೆಲ್ಲು.

ಲೇಬಲ್ಲಿನ ‘1500 ಎಂ.ಎಂ.’ ಎಂಬುದು ಬಟ್ಟೆ ತಡೆಯುವ ನೀರಿನ ಕಂಬದ ಎತ್ತರ. 15 ಕಿಲೋ ಬ್ಯಾಗು 600 ಚದರ ಸೆಂ.ಮೀ. ಬುಡದ ಮೇಲೆ ಸಮನಾಗಿ ಕೂತರೆ ಒದ್ದೆ ನೆಲದಿಂದ ಬರುವ ಒತ್ತಡ 250 ಮಿ.ಮೀ. ಕಂಬಕ್ಕೆ ಸಮ, ಆರಾಮ. ಅದೇ ಭಾರ 10 ಚದರ ಸೆಂ.ಮೀ. ಕಲ್ಲಿನ ಮೂತಿಯ ಮೇಲೆ ಬಿದ್ದರೆ 15,000! ಹಾಗಾಗಿ ದುಡ್ಡು ಹಾಕುವುದಾದರೆ ಬುಡದ ಬಟ್ಟೆಗೆ ಹಾಕಿ.

ಇದೇ ಅಂಟಿನ ಕಾಟ ನೀರು ತಡೆಯುವ ಬಟ್ಟೆಗೆ 1823ರಲ್ಲಿ ಪೇಟೆಂಟ್ ಪಡೆದ ಗ್ಲಾಸ್ಗೋದ ಚಾರ್ಲ್ಸ್ ಮ್ಯಾಕಿಂಟೋಷ್‌ಗೂ ಇತ್ತು. ಕಲ್ಲಿದ್ದಲ ಟಾರಿನಿಂದ ಸಿಗುವ ನ್ಯಾಫ್ತಾ ಎಂಬ ದ್ರವದಲ್ಲಿ ರಬ್ಬರ್ ಕರಗಿಸಿ ಎರಡು ಬಟ್ಟೆಗಳ ನಡುವೆ ಬಳಿದ ಅವನ ಕೋಟು ಸೆಖೆಗೆ ಅಂಟುತ್ತಿತ್ತು, ಚಳಿಗೆ ಸೆಟೆಯುತ್ತಿತ್ತು. ಗಂಧಕ ಸೇರಿಸಿ ರಬ್ಬರನ್ನು ಗಟ್ಟಿ ಮಾಡುವ ಪೇಟೆಂಟ್ ಥಾಮಸ್ ಹ್ಯಾಂಕಾಕ್‌ಗೆ ಸಿಕ್ಕಿದ್ದು 1843ರ ಸುಮಾರಿಗೆ. ಆ ಹೊತ್ತಿಗೆ ನಮ್ಮ ಕಂಬಳಿ ಕೊಪ್ಪೆಗೆ ಇಂಥ ತಾಪತ್ರಯವೇ ಇರಲಿಲ್ಲ: ಉಣ್ಣೆಯ ಮೇಲ್ಮೈ ಹನಿಯನ್ನು ಜಾರಿಸುತ್ತದೆ, ಒಳಗಿನ ನಾರು ಆವಿ ಹೀರುತ್ತದೆ, ಬಳಿದ ಲೇಪನವೇ ಇಲ್ಲದ ಮೇಲೆ ಕಳಚುವುದೇನು? ಭಾರ ಮಾತ್ರ ಹೊರಬೇಕು.

ಬಟ್ಟೆ ಎಷ್ಟೇ ಚೆನ್ನಾಗಿರಲಿ, ಸೆಂಟಿಮೀಟರಿಗೆ ಮೂರು ಹೊಲಿಗೆಯಂತೆ ಒಂದು ಮೀಟರ್ ಹೊಲಿಗೆಯಲ್ಲಿ ಮುನ್ನೂರು ಸೂಜಿ ತೂತು. ರೈನ್ ಕವರ್ ಬೆನ್ನಿನ ಕಡೆ ತೆರೆದೇ ಇರುತ್ತದೆ. ಕುತ್ತಿಗೆಯಿಂದ ಇಳಿದ ನೀರು ಬೆನ್ನಿಗುಂಟ ಹರಿದು ಕವರಿನ ತಳದಲ್ಲೇ ಕೆರೆ ಕಟ್ಟುತ್ತದೆ. ಕವರಿನ ತಗ್ಗಿನಲ್ಲಿ ಐಲೆಟ್ (ತೂತಿನ ಅಂಚಿಗೆ ಕೂರಿಸುವ ಲೋಹದ ಬಳೆ) ಹಾಕಿಸಿ ತೂತು ಮಾಡಿಕೊಳ್ಳಿ. ಬ್ಯಾಗಿನೊಳಗೆ 100 ಮೈಕ್ರಾನ್ ದಪ್ಪದ ಪಾಲಿಥೀನ್ ಚೀಲವಿಟ್ಟು, ಬಾಯಿ ತಿರುಚಿ ಮಡಚಿ ಕಟ್ಟಿದರೆ ಚಾರ್ಮಾಡಿಯ ಮಳೆಗೂ ಒಳಗಿನ ಬಟ್ಟೆ ಒಣಗಿರುತ್ತದೆ.

ಹೊಲಿಗೆ ಮುಚ್ಚುವುದಾದರೆ ಪಿಯು ಬಟ್ಟೆಗೆ ಪಿಯು ಸೀಲರ್, ಸಿಲಿಕೋನ್ ಬಟ್ಟೆಗೆ ಸಿಲಿಕೋನ್. ಅದಲುಬದಲಾದರೆ ಸಿಪ್ಪೆಯಂತೆ ಏಳುತ್ತದೆ. ಹಾರ್ಡ್‌ವೇರ್ ಅಂಗಡಿಯ ಸಿಲಿಕೋನ್ ಸೀಲೆಂಟ್ ಒಂದು ಪಾಲಿಗೆ ಪೇಂಟಿನವರ ಟರ್ಪೆಂಟೈನ್ ಎರಡು ಮೂರು ಪಾಲು ಕಲಸಿದರೆ ಬ್ರಷ್‌ಗೆ ಹದವಾಗುತ್ತದೆ. ಕಲಸುವುದು ಜಗುಲಿಯಲ್ಲಿ, ಬೆಂಕಿಯಿಂದ ದೂರ. ಮೊದಲು ಖಾಲಿ ಬ್ಯಾಗಿಗೆ ಐದು ಲೀಟರ್ ನೀರು ಹಾಕಿ ತೂಗುಹಾಕಿ, ಹನಿ ಬರುವ ಕಡೆ ಹೊರಗಿನಿಂದ ಪೆನ್ನಿನಲ್ಲಿ ಗುರುತು ಮಾಡಿ. ಎರಡು ದಿನ ನೆರಳಲ್ಲಿ ಒಳಮೈ ಹೊರಗೆ ತಿರುವಿ ಒಣಗಿಸಿದ ಮೇಲೆ ಗುರುತಿನ ನೇರಕ್ಕೆ ಒಳಗಿನಿಂದ ಬಳಿಯಿರಿ. 24 ಗಂಟೆ ಬಿಟ್ಟು ಇನ್ನೊಂದು ಸಲ ನೀರು ಹಾಕಿ ನೋಡಿ.